ಸಿದ್ದಪ್ಪ ಶೇಟಜಿಯವರ ಕಾವ್ಯ ರಸಗ್ರಹಣ

ಅನ್ಯಾಯ ಅಂದರೆ ಏನು ಎಂದು ತಿಳಿಯಬೇಕಾದವರು ಸಂಸ್ಥಾನದ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ಸಾಂಗ್ಲಿಯ ಗಣಪತಿ ಪೇಟೆಯಲ್ಲಿ ಅರಿಷಿಣದ ಅಡತಿ ವ್ಯಾಪಾರ ನಡೆಸುವ ಸಿದ್ದಪ್ಪ ಶೇಟಜಿಯವರ ಅಡಿಗೆಮನೆಯಲ್ಲಿ, ಮುಂಜಾನೆ ರೊಟ್ಟಿಯ ಹೊತ್ತಿಗೆ ಒಂದು ಮಣೆ ಹಾಕಿಕೊಂಡು ಕೂತರೆ ಸಾಕು. ಹಂಚಿನ ಮೇಲೆ ಉಬ್ಬಿ, ಉಸ್ಸೆಂದು ಉಸಿರು ಬಿಟ್ಟು ಕೆಳಗಿಳಿಯುವ ಮೊದಲನೆಯ ಜೋಳದ ರೊಟ್ಟಿ ಶೇಟಜಿಯವರ ತಾಟಿಗೆ ಬೀಳುವುದಿಲ್ಲ. ಪಕ್ಕದ ತಾಟಿಗೆ ಬೀಳುತ್ತದೆ. ಆ ತಾಟು ಗುರುಪಾದನದು.

ಗುರುಪಾದ ಯಾರು ಅಂತೀರಾ? ಶೇಟಜಿಯವರ ಹೆಂಡತಿ ಸುನಂದಾಬಾಯಿಯ ತಮ್ಮ. ವಯಸ್ಸು ಮೂವತ್ತು ದಾಟಿದೆ. ಮದುವೆ ಇಲ್ಲ, ಕೆಲಸ ಇಲ್ಲ, ಚಿಂತೆಯಂತೂ ಹುಟ್ಟಿದಾಗಿನಿಂದ ಇಲ್ಲ. ಕುಪವಾಡದಲ್ಲಿ ಅವನ ತಾಯಿ ಬಾಳವ್ವ ಒಂದು ದಿನ ಕೈಯಲ್ಲಿ ಊದುಗೊಳವಿ ಹಿಡಿದುಕೊಂಡು "ದುಡದ ತಿಂತೀಯೋ, ಮನಿ ಬಿಡ್ತೀಯೋ?" ಎಂದು ಕೇಳಿದಳು. ಗುರುಪಾದ ಪ್ರಾಮಾಣಿಕ ಮನುಷ್ಯ. ಎರಡರಲ್ಲಿ ತನ್ನ ಕೈಲಿ ಆಗುವುದು ಯಾವುದೆಂದು ವಿಚಾರ ಮಾಡಿ ಮನೆ ಬಿಟ್ಟ. ಬಿಟ್ಟವನು ಕಾಶಿಗೇನೂ ಹೋಗಲಿಲ್ಲ. ಸಾಂಗ್ಲಿಗೆ ನಡೆದು ಬಂದು ಅಕ್ಕನ ಮನೆಯ ಪಡಸಾಲೆಯಲ್ಲಿ ಲೋಡಿಗೆ ಒರಗಿದ. ಅದಾಗಿ ವರ್ಷಗಳೇ ಕಳೆದವು, ಲೋಡಿನ ಹತ್ತಿ ಕೂಡ ಅವನ ಬೆನ್ನಿನ ಆಕಾರಕ್ಕೆ ಒಗ್ಗಿತು. ದಿನವೆಲ್ಲ ಪೇಟೆಯಲ್ಲಿ ಆ ಅಂಗಡಿಯ ಕಟ್ಟೆ, ಈ ಅಂಗಡಿಯ ಕಟ್ಟೆ, ಚಹಾ, ಹರಟೆ. ಊಟದ ಹೊತ್ತಿಗೆ ಮಾತ್ರ ಗಡಿಯಾರ ಅವನನ್ನು ನೋಡಿ ತನ್ನ ಮುಳ್ಳು ಸರಿಮಾಡಿಕೊಳ್ಳಬೇಕು.

"ಸುನಂದಾ, ಈ ಮನ್ಯಾಗ ದುಡಿಯಾವ್ರು ಯಾರು?" ಎಂದು ಒಂದು ದಿನ ಶೇಟಜಿಯವರು ಬರಿದಾದ ತಾಟಿನ ಮುಂದೆ ಕೂತು ಕೇಳಿದರು.

"ನೀವ ಅಲ್ಲೇನ್ರಿ," ಎಂದಳು ಸುನಂದಾಬಾಯಿ, ಕೈಯಲ್ಲಿ ಹಿಟ್ಟು ತಟ್ಟುತ್ತ.

"ಹಂಗಾದ್ರ ಮೊದಲನೇ ರೊಟ್ಟಿ ಯಾರಿಗೆ?"

"ಪಾವಣ್ಯಾಗ. ಅದೇನ ಹೊಸಾ ಪದ್ಧತಿ ಐತೇನ್ರಿ? ಬಂದ ಪಾವಣ್ಯಾಗ ಬಿಟ್ಟ ಮನಿ ಮಂದಿ ಮೊದಲ ತಿಂತಾರೇನು?"

"ಪಾವಣ್ಯಾ ಅಂದ್ರ ಬಂದು ಹೋಗಾಂವ. ಇಂವ ಬಂದದ್ದು ಗೊತ್ತೈತಿ. ಹೋಗೂದು ಯಾವಾಗ?"

"ಹೋದ ಮ್ಯಾಲ ಪಾವಣ್ಯಾ ಅಂತ ಹೆಂಗ ಅನ್ನೂದ್ರಿ? ಇರೂ ತನಕ ಪಾವಣ್ಯಾ."

ಇಂಥ ತರ್ಕಕ್ಕೆ ಉತ್ತರ ಹೇಳುವ ವಿದ್ವಾಂಸ ಸಾಂಗ್ಲಿಯಲ್ಲೂ ಇಲ್ಲ, ಮಿರಜದಲ್ಲೂ ಇಲ್ಲ. ಅಷ್ಟರಲ್ಲಿ ಗುರುಪಾದನೇ ಎಣ್ಣೆಗಾಯಿ ಬದನೆಕಾಯಿಯನ್ನು ರೊಟ್ಟಿಯಲ್ಲಿ ಮಡಚಿಕೊಂಡು ದೊಡ್ಡ ಮನಸ್ಸಿನಿಂದ ಹೇಳಿದ: "ನನ್ನ ಸಲವಾಗಿ ಜಗಳಾ ಬ್ಯಾಡ. ಅಕ್ಕಾ, ಎರಡನೇದು ದಾಜಿಗೆ ಹಾಕು. ನಾ ಮೂರನೇದಕ್ಕ ಕಾಯ್ತೇನಿ." (ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಅನ್ನುತ್ತಾರೆ. ಗುರುಪಾದ ಆ ಶಬ್ದವನ್ನು ಅಂಥ ಅಕ್ಕರೆಯಿಂದ ಎಳೆಯುತ್ತಿದ್ದನೆಂದರೆ ಶೇಟಜಿಯವರ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.)

ಈಗ ಶೇಟಜಿಯವರ ವಿಷಯ. ನಲವತ್ತೆಂಟರ ಪ್ರಾಯ, ನರೆತ ದಪ್ಪ ಮೀಸೆ, ತಲೆಯ ಮೇಲೆ ಗೋಪುರದಂಥ ರುಮಾಲು. ಪೇಟೆಯಲ್ಲಿ ನಡೆದು ಬಂದರೆ ಹಮಾಲರು ಚೀಲ ಇಳಿಸಿ ದಾರಿ ಬಿಡುತ್ತಿದ್ದರು. ಆದರೆ ಆ ರುಮಾಲನ್ನು ಅವರು ತಮ್ಮ ಕೈಯಾರೆ ಸುತ್ತಿಕೊಂಡದ್ದನ್ನು ಕಂಡವರಿಲ್ಲ. ದಿನಾ ಮುಂಜಾನೆ ಅವರ ತಾಯಿ ಸಂಗವ್ವ ತೂಗುಮಂಚದ ಮೇಲೆ ಕೂಡುತ್ತಾಳೆ. ಶೇಟಜಿಯವರು ಕೆಳಗೆ ನೆಲದ ಮೇಲೆ ಬೆನ್ನು ತಿರುವಿ ಕೂಡುತ್ತಾರೆ. ಆಕೆ ಹಣೆಗೆ ವಿಭೂತಿ ಹಚ್ಚಿ, ಸುತ್ತಿನ ಮೇಲೆ ಸುತ್ತು ಬಿಗಿದು ರುಮಾಲು ಕಟ್ಟಿ, ಕಡೆಗೆ ಹಿಂದಲೆಗೆ ಒಂದು ಸಣ್ಣ ಪೆಟ್ಟು ಕೊಟ್ಟು "ಏಳು" ಅನ್ನುತ್ತಾಳೆ. ಆ ಪೆಟ್ಟು ಬೀಳದ ಹೊರತು ಶೇಟಜಿಯವರು ಏಳುವವರಲ್ಲ.

ಇನ್ನೊಂದು ಸಂಗತಿ ಇದೆ, ಅದು ಇನ್ನೂ ದೊಡ್ಡದು. ಅರಿಷಿಣದ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವ ರೂಢಿಯಿಲ್ಲ. ಕೊಳ್ಳುವವ, ಮಾರುವವ ಇಬ್ಬರೂ ಒಂದು ಶಲ್ಯದ ಕೆಳಗೆ ಕೈಗೆ ಕೈ ಕೊಡುತ್ತಾರೆ. ಬೆರಳು ಹಿಡಿದು, ಒತ್ತಿ, ಮಡಚಿ ಆಕಡೆ, ಅಂದರೆ ದರದ ಅಂಕಿ, ಹೇಳುತ್ತಾರೆ. ಒಪ್ಪಿಗೆಯಾದರೆ ಕೈ ಹಿಂಡುವುದು, ಇಲ್ಲವಾದರೆ ಎದುರಿನವನ ಕೈಯನ್ನು ಬಟ್ಟೆಯಿಂದ ಹೊರಕ್ಕೆ ದಬ್ಬುವುದು. ದಬ್ಬಿದರೆ ಆ ಸೌದಾ ಮುರಿಯಿತು ಎಂದೇ ಅರ್ಥ. ಶೇಟಜಿಯವರ ತಂದೆ ತೀರಿಕೊಂಡಾಗ ಮಗ ಇನ್ನೂ ಎಳೆಯ. ಸಂಗವ್ವನೇ ಬಾಗಿಲ ಹಿಂದೆ ಕೂತು, ಮುನೀಮನಿಗೆ ಬುದ್ಧಿ ಹೇಳಿ ಅಡತಿ ಉಳಿಸಿಕೊಂಡಳು. ಮಗ ಪೇಟೆಗೆ ಇಳಿದ ಮೊದಲ ದಿನ ತನ್ನ ಸೆರಗಿನ ಕೆಳಗೆ ಅವನ ಕೈ ಹಿಡಿದು ಬೆರಳು ಒತ್ತಿ "ಇದಕ್ಕಿಂತ ಕೆಳಗ ಇಳೀಬ್ಯಾಡ" ಅಂದಳು. ಆ ಮೊದಲ ದಿನ ಇವತ್ತಿಗೂ ಮುಗಿದಿಲ್ಲ. ಮೀಸೆ ಬಂತು, ಮದುವೆ ಆಯಿತು, ಮೀಸೆ ನರೆಯಿತು. ಮುಂಜಾನೆ ರುಮಾಲು ಕಟ್ಟಿಸಿಕೊಂಡ ಮೇಲೆ ಶೇಟಜಿಯವರ ಬಲಗೈ ಈಗಲೂ ತಾಯಿಯ ಸೆರಗಿನ ಕೆಳಗೆ ಹೋಗುತ್ತದೆ, ಆಕಡೆ ತೆಗೆದುಕೊಂಡು ಬರುತ್ತದೆ. ಪೇಟೆಗೆ ಇದು ಗೊತ್ತಿಲ್ಲ ಎಂದು ಅವರೊಬ್ಬರೇ ತಿಳಿದಿದ್ದರು.

ಇದರಲ್ಲಿ ಅವರಿಗೆ ಒಂದಿಷ್ಟೂ ಸಂಕೋಚ ಇರಲಿಲ್ಲ. ತಾವು ಮಾಡುವುದು ಮಾತೃಭಕ್ತಿ, ಗುರುಪಾದ ಮಾಡುವುದು ಪುಕ್ಕಟೆ ಊಟ. ಇಷ್ಟು ಸ್ಪಷ್ಟ ಇರುವಾಗ ಸಂಕೋಚ ಯಾಕೆ ಹೇಳಿ!

ಹೀಗಿರುವಾಗ ಮಿರಜದಿಂದ ಶ್ರೀಪಾಲ ಮಾಸ್ತರ ಬಂದ. ಜೈನರ ಹುಡುಗ, ಶಾಲೆಯಲ್ಲಿ ಲೆಕ್ಕ ಕಲಿಸುವುದು, ಮನೆಯಲ್ಲಿ ಕವಿತೆ ಬರೆಯುವುದು. (ಅವನ ಲೆಕ್ಕಗಳು ಕವಿತೆಯಂತೆಯೂ ಕವಿತೆಗಳು ಲೆಕ್ಕದಂತೆಯೂ ಇರುತ್ತವೆಂದು ತಿಳಿದವರು ಹೇಳುತ್ತಿದ್ದರು.) ಮಿರಜ ಒಂದು ಸಂಸ್ಥಾನ, ಸಾಂಗ್ಲಿ ಇನ್ನೊಂದು ಸಂಸ್ಥಾನ; ಒಂದು ರಾಜ್ಯದ ಗಡಿ ದಾಟಿ ಇನ್ನೊಂದು ರಾಜ್ಯಕ್ಕೆ ಟಾಂಗಾದಲ್ಲಿ ಅಲುಗಾಡುತ್ತ ಬಂದಿದ್ದರಿಂದ ಅವನ ಮುಖದಲ್ಲಿ ದಿಗ್ವಿಜಯದ ಕಳೆ ಇತ್ತು. ಕನ್ನಡ ಸಂಘದವರು ಕೂಡುತ್ತಿದ್ದ ಕೋಣೆಯ ಮಾಡು ಸೋರುತ್ತಿತ್ತು. ಮುಂದಿನ ಅಮಾವಾಸ್ಯೆಗೆ ಪೇಟೆ ಹೇಗೂ ಬಂದ್. ಆ ದಿನ ಶೇಟಜಿಯವರ ಪಡಸಾಲೆ ಸಂಘಕ್ಕೆ ಸಿಗಬಹುದೇ ಎಂದು ಕೇಳಲು ಬಂದಿದ್ದ.

"ಸಂಘ ಅಂದ್ರ ಏನ ಮಾಡ್ತೀರಿ?" ಎಂದು ಶೇಟಜಿಯವರು ಅರಿಷಿಣದ ಕೊಂಬೊಂದನ್ನು ಮುರಿದು ಒಳಗಿನ ಬಣ್ಣ ನೋಡುತ್ತ ಕೇಳಿದರು.

"ಕವಿತಾ ಓದತೀವ್ರಿ. ಒಬ್ಬರು ರಸಗ್ರಹಣ ಮಾಡ್ತಾರ. ಅಂದ್ರ ಆ ಕವಿತಾದ ಸಾರ ಏನು, ಸೊಗಸು ಏನು, ಎಲ್ಲಾ ಬಿಡಿಸಿ ಹೇಳೂದು."

"ಬಿಡಿಸಿ ಹೇಳದs ತಿಳಿಯೂದಿಲ್ಲಂದ್ರ ಕಟ್ಟಿ ಯಾಕ ಬರೀತೀರೋ ಮಾಸ್ತರಾ?"

ಶ್ರೀಪಾಲನಿಗೆ ಇಂಥ ಪೆಟ್ಟು ತಿಂದು ಅಭ್ಯಾಸವಿತ್ತು. ಅವನು ಉತ್ತರದ ಬದಲು ಜೇಬಿನಿಂದ ಕಾಗದ ತೆಗೆದು, ಕೆಮ್ಮಿ, ಓದಿಯೇ ಬಿಟ್ಟ. ಕವಿಗಳ ಜಾತಿಯೇ ಹಾಗೆ. ಅವರ ಕೈ ಜೇಬಿನತ್ತ ಹೋಗುವ ಮುಂಚೆ ನಾವು ಎದ್ದುಹೋಗಬೇಕು, ಕೈ ಹೋದ ಮೇಲೆ ಮುಗಿಯಿತು.

ಕೋಳಿ ಕುಕ್ಕಿತು ಮರಿಯ: "ರೆಕ್ಕೆ ಬಲಿತಿವೆ, ನಡೆಯೊ";
ಎಮ್ಮೆ ಒದೆಯಿತು ಕರುವ: "ಹಲ್ಲು ಬಂದಿವೆ, ಮೇಯೊ";
ಬೆಕ್ಕು ಗುರ್ರೆಂದಿತು: "ಇಲಿಯ ನೀನೇ ಹಿಡಿಯೊ."
ಮನುಜನೊಬ್ಬನ ಕಂಡೆ, ಮೀಸೆ ನರೆತರು ಅವನು
ತಾಟು ಮುಂದಿಟ್ಟುಕೊಂಡು ಬಾಯಿ ತೆರೆದಿಹನಿನ್ನೂ.

"ಏ, ನಿಲ್ಲಸು!" ಎಂದು ಶೇಟಜಿಯವರು ಗುಡುಗಿದರು. "ಲಿಂಗವಂತರ ಪಡಸಾಲ್ಯಾಗ ಕೂತು ಕೋಳಿ ಹೆಸರ ತಗೋತೀಯಲ್ಲೋ! ಅದೂ ಜೈನರಾಂವ. ನೀ ಕೋಳಿ ಎಲ್ಲಿ ನೋಡಿದಿ?"

"ದೂರಿಂದ ನೋಡೇನ್ರಿ," ಎಂದ ಶ್ರೀಪಾಲ ತಗ್ಗಿದ ದನಿಯಲ್ಲಿ.

"ಮತ್ತ ಇದು ಕವಿತಾ ಹೆಂಗ ಆತು? ಕವಿತಾ ಅಂದ್ರ ಹೂವು, ಚಂದ್ರ, ಭಕ್ತಿ, ವೈರಾಗ್ಯ. ನೀ ನೋಡಿದ್ರ ದನದ ದವಾಖಾನಿ ಮಾಡೀದಿ. ಎಮ್ಮಿ ಒದೀತು ಅಂತ. ನಮ್ಮ ಮನ್ಯಾಗ ದಿನಾ ಒದೀತೈತಿ, ನಾವೇನು ಕಾಗದಾ ತಗೊಂಡು ಓಡ್ತೇವೇನು?"

ಇಷ್ಟು ಹೇಳಿ ಅವನನ್ನು ಹೊರಗೆ ಕಳಿಸುವವರಿದ್ದರು. ಅಷ್ಟರಲ್ಲಿ ಲೋಡಿನ ಕಡೆಯಿಂದ ಒಂದು ಆಕಳಿಕೆ ಕೇಳಿಸಿತು. ಗುರುಪಾದ ಬಾಯಿ ತೆರೆದಿದ್ದ. ಅಂಗೈ ಅಡ್ಡ ಇಡದೆ ಪೂರ್ತಿ, ಗಂಟಲಿನ ಕಿರುನಾಲಗೆ ಕಾಣುವ ಹಾಗೆ ತೆರೆದಿದ್ದ. ಶೇಟಜಿಯವರು ಆ ಬಾಯಿ ನೋಡಿದರು. ಕಾಗದ ನೋಡಿದರು. ಮತ್ತೆ ಬಾಯಿ ನೋಡಿದರು. ನಲವತ್ತೆಂಟು ವರ್ಷಗಳಲ್ಲಿ ಮೊದಲ ಸಲ ಅವರಿಗೆ ಕಾವ್ಯದ ಪ್ರಯೋಜನ ಏನೆಂಬುದು ತಿಳಿಯಿತು.

"ಕುಂದ್ರಿ ಮಾಸ್ತರ, ಕುಂದ್ರಿ," ಎಂದರು ದನಿ ಬದಲಿಸಿ. "ಚಹಾ ತಗೋತೀರೇನು? ಆ ಕಡೀ ಎರಡ ಸಾಲು ಇನ್ನೊಮ್ಮೆ ಓದ್ರಿ. ಸ್ವಲ್ಪ ಜೋರಾಗಿ, ಆ ಲೋಡಿನ ಕಡೆ ತಿರುಗಿ."

ಕರಾರು ಅಲ್ಲಿಯೇ ಕುದುರಿತು. ಪಡಸಾಲೆ ಕೊಡುವುದು, ಚಹಾ ಅವಲಕ್ಕಿ ಕೊಡುವುದು. ಪ್ರತಿಯಾಗಿ ರಸಗ್ರಹಣವನ್ನು ಸ್ವತಃ ಶೇಟಜಿಯವರೇ ಮಾಡುವುದು. ಕೋಳಿಯ ಜಾಗಕ್ಕೆ ಕಾಗೆ ಬರಬೇಕು ಎಂಬುದೊಂದು ಉಪಶರತ್ತು. "ಕಾಗಿ ಎಲ್ಲಾ ಜಾತಿಗೂ ನಡೀತೈತಿ," ಎಂದರು. ಶ್ರೀಪಾಲನ ಕಣ್ಣಲ್ಲಿ ನೀರು ಬಂತು. ಕೋಳಿಗೆ ಬಂತೋ ಅವಲಕ್ಕಿಗೆ ಬಂತೋ ಹೇಳಲಾಗದು. ಕೋಳಿಯನ್ನಂತೂ ಅವನು ಬಿಟ್ಟುಕೊಟ್ಟ.

ಆ ಸಂಜೆ ಸುನಂದಾಬಾಯಿ ಕವಿತೆಯನ್ನು ಓದಿದಳು. ಆಕೆ ಮುಲ್ಕಿ ಪರೀಕ್ಷೆಯ ತನಕ ಕಲಿತವಳು. ಅಕ್ಷರವಿರುವ ಪೊಟ್ಟಣದ ಕಾಗದವನ್ನೂ ಓದದೆ ಒಲೆಗೆ ಹಾಕುವವಳಲ್ಲ.

"ಇದರಾಗ ನಿಮಗೇನ ತಿಳೀತ್ರಿ?"

"ಎಲ್ಲಾ ತಿಳೀತು. ಇದು ನಿನ್ನ ತಮ್ಮನ ಚರಿತ್ರಾ. ಸಭಾದಾಗ ನಾಲ್ಕ ಮಂದಿ ಎದುರು ಅರ್ಥಾ ಬಿಡಿಸಿ ಹೇಳ್ತೇನಿ. ಮಾನ ಇದ್ದಾಂವ ಆದ್ರ ಮರುದಿವಸ ಗಂಟು ಕಟ್ಟಬೇಕು. ನಾ ಬಾಯಿಂದ ಹೋಗು ಅಂದಂಗೂ ಆಗೂದಿಲ್ಲ, ನೀ ಅತ್ತಂಗೂ ಆಗೂದಿಲ್ಲ. ಕವಿತಾ ಅಂತು, ಅಂವ ಹೋದ."

"ಆದ್ರ ಇಲ್ಲಿ ಮೀಸಿ ನರೆತರು ಅಂತ ಐತಲ್ರಿ. ನಮ್ಮ ಗುರುಪಾದನ ಮೀಸಿ ಕಾಡಗಿ ಹಂಗ ಕರ್ರಗ ಅದಾವು."

"ಕವಿಗೋಳು ಬಣ್ಣಾ ಎಲ್ಲಿ ನೋಡ್ತಾರ? ಪ್ರಾಸಕ್ಕ ಬಂದೈತಿ ಅದು."

"ನರೆತರು ಅನ್ನೂದಕ್ಕ ಪ್ರಾಸ ಎಲ್ಲೈತ್ರಿ ಇದರಾಗ?"

"ನಿನಗ ತಿಳಿಯೂದಿಲ್ಲ, ಸುಮ್ಮನಿರು. ರಸಗ್ರಹಣ ಮಾಡಾಂವ ನಾನೋ ನೀನೋ?"

ಸುನಂದಾಬಾಯಿ ಗಂಡನ ಮೀಸೆಯನ್ನು ಒಂದು ಗಳಿಗೆ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ತಮ್ಮನಿಗಾಗಿ ಅಳುತ್ತಿರಬೇಕು ಎಂದುಕೊಂಡು ಶೇಟಜಿಯವರು ಮನಸ್ಸಿನಲ್ಲೇ ಸ್ವಲ್ಪ ಮರುಗಿದರು ಕೂಡ.

ಅಮಾವಾಸ್ಯೆ ಬಂತು. ಪಡಸಾಲೆಯ ತುಂಬ ಜಮಖಾನೆ ಹಾಸಿದ್ದಾಯಿತು. ಕನ್ನಡ ಸಂಘ ಅಂದರೆ ಎಷ್ಟು ಜನ! ಕೆಮ್ಮುವ ಇಬ್ಬರು ಪೆನ್ಶನ್ನಿನವರು, ಶ್ರೀಪಾಲ, ಅವನ ಕವಿತೆಗೆ ತಲೆದೂಗಲೆಂದೇ ಮಿರಜದಿಂದ ಬಂದ ಅವನ ಗೆಳೆಯ. ಅವನಿಗೆ ಮರಾಠಿ ಮಾತ್ರ ಬರುತ್ತಿತ್ತು, ಆದ್ದರಿಂದ ಯಾವ ಸಾಲಿಗೂ ಭೇದ ಮಾಡದೆ ತಲೆದೂಗುತ್ತಿದ್ದ. ಉಳಿದವರೆಲ್ಲ ಪೇಟೆಯವರು. ಸಿದ್ದಪ್ಪ ಶೇಟಜಿ ಪುಕ್ಕಟೆ ಅವಲಕ್ಕಿ ಕೊಡುತ್ತಾನಂತೆ ಎಂಬ ಸುದ್ದಿಯನ್ನು ನಂಬಲಾಗದೆ ಕಣ್ಣಾರೆ ನೋಡಲು ಬಂದವರು. ಮುಂದಿನ ಸಾಲಿನಲ್ಲಿ ಕಲ್ಲಯ್ಯ ಕೂತಿದ್ದ. ಅವನು ಎದುರು ಅಂಗಡಿಯ ಅಡತಿಯವ. ಶೇಟಜಿಯವರ ಸೌದಾ ಒಂದು ಮುರಿದರೆ ಅವನಿಗೆ ಆ ದಿನ ಹೋಳಿಗೆ ಊಟ. ಅವನ ಪಕ್ಕಕ್ಕೆ, ಶೇಟಜಿಯವರೇ ಕೈಹಿಡಿದು ಕೂಡಿಸಿದ ಗುರುಪಾದ. ಶೇಟಜಿಯವರು ತಮ್ಮ ಗಾದಿಯ ಮೇಲೆ. ಅವರ ಹಿಂದೆಯೇ, ಒಳಬಾಗಿಲ ಹೊಸ್ತಿಲ ಮೇಲೆ, ಸೆರಗು ಹೊದ್ದು ಸಂಗವ್ವ. ಕಿವಿ ಸ್ವಲ್ಪ ಮಂದವಾದ್ದರಿಂದ ಆಕೆ ಮಗನ ಮಾತು ಕೇಳಿಸಲೆಂದು ಮೊಳದಷ್ಟು ಹತ್ತಿರ ಕೂತಿದ್ದಳು. ಆಕೆಯ ಹಿಂದೆ ಸುನಂದಾಬಾಯಿ.

ಶ್ರೀಪಾಲ ಕವಿತೆ ಓದಿದ. ಕಾಗೆಯ ಹತ್ತಿರ ಬಂದಾಗ ಅವನ ದನಿ ನಡುಗಿತು. ಆಮೇಲೆ ಶೇಟಜಿಯವರು ಗಂಟಲು ಸರಿಮಾಡಿಕೊಂಡು ಎದ್ದರು.

"ಕವಿತಾ ಹೆಂಗ ನೋಡಬೇಕು?" ಎಂದು ಶುರುಮಾಡಿದರು. "ಅರಿಷಿಣದ ಕೊಂಬು ನೋಡಿದಂಗ ನೋಡಬೇಕು. ಮೊದಲು ಮುರೀಬೇಕು. ನಾ ಇದನ್ನ ಮುರದ ನೋಡೇನಿ. ಒಳಗ ಪೊಳ್ಳಿಲ್ಲ, ಹುಳಾ ಇಲ್ಲ, ಹಸಿ ಇಲ್ಲ. ಮಾಲು ಗಟ್ಟಿ ಐತಿ."

ಸಭೆ ತಲೆದೂಗಿತು. ಶ್ರೀಪಾಲನಿಗೆ ತನ್ನ ಕವಿತೆಯನ್ನು ಚೀಲಕ್ಕೆ ತುಂಬಿ ತೂಕಕ್ಕೆ ಇಟ್ಟ ಹಾಗಾಯಿತು. ಆದರೂ ಹೊಗಳಿಕೆ ಹೊಗಳಿಕೆಯೇ ಎಂದು ಕೈಮುಗಿದ.

"ಇಲ್ಲಿ ಕಾಗಿ ಬರತೈತಿ. ಕಾಗಿಗೆ ಬುದ್ಧಿ ಎಷ್ಟು? ಉಗುರಿನಷ್ಟು. ಆದ್ರೂ ಮರಿ ದೊಡ್ಡದಾದ ಕೂಡ್ಲೇ ಕುಕ್ಕಿ ಗೂಡು ಬಿಡಸತೈತಿ. ಎಮ್ಮಿ ನೋಡ್ರಿ. ಎಮ್ಮಿ ಅಂದ್ರ ಬೈಗಳಾ ನಮ್ಮಾಗ. ಅಂಥಾ ಎಮ್ಮಿ ಸುದ್ದಾ, ಕರು ಮೇಯಾಕ ಕಲತ ಮ್ಯಾಲ ಕೆಚ್ಚಲಿಗೆ ಬಾಯಿ ಹಾಕಾಕ ಬಂದ್ರ ಒದೀತೈತಿ. ಇದಕ್ಕ ಪ್ರಕೃತಿ ಧರ್ಮ ಅಂತಾರ. ಆದ್ರ ಮನುಷ್ಯಾ!" ಎಂದು ಶೇಟಜಿಯವರು ಗುರುಪಾದನನ್ನು ಎವೆಯಿಕ್ಕದೆ ನೋಡಿದರು. "ಮೀಸಿ ಬಂದಾವ, ಮೈಯಾಗ ಮಾಂಸ ಬಂದೈತಿ. ಆದ್ರೂ ಇನ್ನೊಬ್ಬರು ಹಾಕಬೇಕು, ಇವನು ತಿನ್ನಬೇಕು! ಇನ್ನೊಬ್ಬರು ವಿಚಾರ ಮಾಡಬೇಕು, ಇವನು ಬಾಯಿ ತೆರೀಬೇಕು! ಇಂಥಾವ್ರು ನಮ್ಮ ಸಾಂಗ್ಲ್ಯಾಗ ಅದಾರೋ ಇಲ್ಲೋ?"

"ಅದಾರ, ಅದಾರ!" ಎಂದಿತು ಸಭೆ, ಯಾಕೋ ಬಹಳ ಉತ್ಸಾಹದಿಂದ.

"ಅಂಥಾವ್ರಿಗೆ ಏನನ್ನಬೇಕು?"

"ನೀವ ಹೇಳ್ರಿ ಶೇಟಜಿ!" ಎಂದು ಕಲ್ಲಯ್ಯ ಕೂಗಿದ. ಅವನ ಮುಖ ಕೆಂಪಾಗಿ, ನಗುವನ್ನು ಹಿಡಿದು ಹಿಡಿದು ಕಣ್ಣಲ್ಲಿ ನೀರು ತುಂಬಿತ್ತು. ಶೇಟಜಿಯವರು ಅದನ್ನು ಕಾವ್ಯದ ಪರಿಣಾಮ ಎಂದುಕೊಂಡರು.

"ಲಜ್ಜಾಗೇಡಿಗಳು ಅನ್ನಬೇಕು! ಕಾಗಿಗಿಂತ ಕಡಿ ಅನ್ನಬೇಕು. ಅಂಥಾ ಮಗನ್ನ ಗೂಡಿನಾಗ ಇಟ್ಟುಕೊಂಡ ಮಂದೀದೂ ತಪ್ಪ ಐತಿ. ಕುಕ್ಕಬೇಕು! ಒದೀಬೇಕು! ಆಗ ಅಂವ ಮನುಷ್ಯಾ ಆಗ್ತಾನ. ಇದು ಈ ಕವಿತಾದ ತಾತ್ಪರ್ಯ."

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗುರುಪಾದ. "ವಾಹವಾ ದಾಜೀ! ಎಂಥಾ ಮಾತ ಆಡಿದ್ರಿ!" ಎಂದ. ಅವನ ಮುಖದಲ್ಲಿ ಲಜ್ಜೆ ಎಲ್ಲಾದರೂ ಇದೆಯೇ ಎಂದು ಶೇಟಜಿಯವರು ಹುಡುಕಿದರು. ಅವಲಕ್ಕಿಯ ಒಂದು ಅಗುಳು ಬಿಟ್ಟರೆ ಬೇರೆ ಏನೂ ಕಾಣಲಿಲ್ಲ.

"ಒಂದs ಸಂಶಯ, ದಾಜಿ," ಎಂದು ಗುರುಪಾದ ಮಂಡಿಯೂರಿ ಕೂತ. "ಕಾಗಿ ಮರಿಗೆ ರೆಕ್ಕಿ ಬಂದದ್ದು ಕಾಣತೈತಿ. ಕರುವಿಗೆ ಹಲ್ಲು ಬಂದದ್ದು ಕಾಣತೈತಿ. ಮನುಷ್ಯಾಗ ಹೆಂಗ ತಿಳಿಯೂದು? ಎಷ್ಟನೇ ವರ್ಷಕ್ಕ ಅಂವ ದೊಡ್ಡಾಂವ ಆದಂಗ? ನೀವ ಒಂದು ಆಕಡೆ ಹೇಳಿಬಿಡ್ರಿ, ನಾವು ಅಷ್ಟಕ್ಕ ನಡಕೋತೇವಿ."

"ಖರೇ ಐತಿ," ಎಂದ ಕಲ್ಲಯ್ಯ. "ಆಕಡೆ ಹೇಳ್ರಿ ಶೇಟಜಿ. ಒಂದು ಆಕಡೆ ಆಗಿಬಿಡಲಿ!"

"ಆಕಡೆ, ಆಕಡೆ!" ಎಂದು ಪೇಟೆಯ ಮಂದಿಯೆಲ್ಲ ಹರಾಜಿನಲ್ಲಿ ಕೂತವರ ಹಾಗೆ ಗದ್ದಲ ಎಬ್ಬಿಸಿದರು.

ಶೇಟಜಿಯವರು ಗಾದಿಯ ಮೇಲೆ ಕುಸಿದು ಕೂತರು. ಆಕಡೆ! ಹೆಚ್ಚು ಹೇಳಿದರೆ ಗುರುಪಾದ ತಪ್ಪಿಸಿಕೊಳ್ಳುತ್ತಾನೆ. ಕಡಿಮೆ ಹೇಳಿದರೆ ಕಲ್ಲಯ್ಯ ನಗುತ್ತಾನೆ. ಇಪ್ಪತ್ತೈದೇ? ಮೂವತ್ತೇ? ಎದುರಿಗೆ ಗಿರಾಕಿಗಳು ಕಾಯುತ್ತಿದ್ದಾರೆ, ಗದ್ದಲ ಏರುತ್ತಿದೆ, ಆಕಡೆ ಹೇಳಬೇಕಾಗಿದೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಅವರ ತಲೆಗೆ ಹೊಳೆಯಲಿಲ್ಲ. ಅವರ ಬಲಗೈಗೆ ಹೊಳೆಯಿತು. ಅಷ್ಟೂ ವರ್ಷ ದಿನಾ ಹೋದ ಹಾದಿಯಲ್ಲಿ ಅದು ತಾನಾಗಿಯೇ ಹಿಂದಕ್ಕೆ ಸರಿದು, ಹೊಸ್ತಿಲ ಮೇಲೆ ಕೂತ ಸಂಗವ್ವನ ಸೆರಗಿನ ಕೆಳಗೆ ಹೊಕ್ಕಿತು. ಹೊಕ್ಕು, ಬೆರಳು ಅಗಲಿಸಿ ಕಾಯುತ್ತ ನಿಂತಿತು.

ಸಭೆಯ ಕಣ್ಣೆಲ್ಲ ಆ ಸೆರಗಿನ ಮೇಲೆ ನೆಟ್ಟವು.

ಅಲ್ಲಿ ಕೂತವರೆಲ್ಲ ಜೀವಮಾನವಿಡೀ ಬಟ್ಟೆಯ ಕೆಳಗೆ ಕೈ ಹಾಕಿ ಬದುಕಿದ ಮಂದಿ. ಬಟ್ಟೆಯ ಕೆಳಗೆ ಹೋದ ಕೈ ಯಾಕೆ ಹೋಯಿತೆಂದು ಅವರಿಗೆ ಯಾರೂ ರಸಗ್ರಹಣ ಮಾಡಿ ಹೇಳಬೇಕಾಗಿರಲಿಲ್ಲ. ಪೆನ್ಶನ್ನಿನವರು ಕೆಮ್ಮುವುದನ್ನೂ ಮರೆತರು.

ಸಂಗವ್ವ ತನ್ನ ಸೆರಗನ್ನು ನೋಡಿದಳು, ಅದರೊಳಗೆ ಮುಳುಗಿದ ಮಗನ ತೋಳನ್ನು ನೋಡಿದಳು. ಕವಿತೆಯನ್ನು ಆಕೆ ಕಿವಿಯೊಡ್ಡಿ ಕೇಳಿದ್ದಳು. ಮಗನ ಭಾಷಣವನ್ನಂತೂ ಒಂದು ಅಕ್ಷರ ಬಿಡದೆ ಕೇಳಿದ್ದಳು. ಮಗ ಇಷ್ಟು ಚೆನ್ನಾಗಿ ಮಾತಾಡುತ್ತಾನೆಂದು ಆಕೆಗೆ ಅವತ್ತೇ ಗೊತ್ತಾಗಿ, ಕಣ್ಣು ಒದ್ದೆಯಾಗಿತ್ತು. ಆಕೆ ಸೆರಗಿನೊಳಗಿನ ಆ ಕೈಯನ್ನು ಹಿಡಿದು, ಒಂದು ಬೆರಳನ್ನೂ ಒತ್ತದೆ, ಎಲ್ಲರಿಗೂ ಕಾಣುವಂತೆ ಹೊರಕ್ಕೆ ದಬ್ಬಿದಳು.

"ಈ ಸೌದಾ ನೀನs ಮಾಡೋ ಸಿದ್ದಾ," ಎಂದಳು. ಕಿವಿ ಮಂದವಿದ್ದವರ ದನಿ. ಪಡಸಾಲೆ ದಾಟಿ ಬೀದಿಗೆ ಕೇಳಿಸಿತು. "ಖರೇ ಹೇಳಿದಿ ನೋಡು. ಎಮ್ಮಿಗೆ ಇದ್ದಷ್ಟ ಬುದ್ಧಿ ನನಗಿಲ್ಲದಂಗ ಆತು. ತಪ್ಪ ನಂದs."

"ಯವ್ವಾ, ನಾ ಹೇಳಿದ್ದು ನಮ್ಮ ಗುರುಪಾದನ..."

"ಅವಂದೇನೋ ತಪ್ಪು? ಬಾಳವ್ವ ಅವನ್ನ ಕುಕ್ಕಿ ಗೂಡು ಬಿಡಿಸಿ ಎಷ್ಟ ದಿನಾ ಆತು! ಅಂವ ರೆಕ್ಕಿ ಬಡಕೊಂಡು ಹಾರಿ ನಮ್ಮನಿಗೆ ಬಂದು ಕೂತ. ದೊಡ್ಡಾಂವ ಅಂದ್ರ ಅಂವಾ. ನನ್ನ ಗೂಡಿನಾಗ ಬಾಯಿ ತಕ್ಕೊಂಡು ಕೂತದ್ದು ಒಂದs ಮರಿ, ಅದು ನೀನು."

ಕಲ್ಲಯ್ಯ ಜಮಖಾನೆಯ ಮೇಲೆ ಹೊರಳಿದ. ಮಿರಜದ ಗೆಳೆಯ ಮೊದಲ ಸಲ ಅರ್ಥವಾಗಿ ತಲೆದೂಗಿದ. ಶ್ರೀಪಾಲ ಮಾಸ್ತರ ಕಾಗದ ತೆಗೆದು ಏನೋ ಗೀಚತೊಡಗಿದ (ಇನ್ನೊಬ್ಬರ ಮನೆ ಸುಡುವಾಗ ಪ್ರಾಸ ಹುಡುಕುವ ಜಾತಿ ಅದು). ಬಾಗಿಲ ಹಿಂದೆ ಸುನಂದಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಅಲುಗಾಡುವಂತೆ ನಡುಗುತ್ತಿದ್ದಳು. ಕವಿತೆ ಓದಿದ ಆ ಸಂಜೆಯೂ ಆಕೆ ಅತ್ತಿರಲಿಲ್ಲ, ನಕ್ಕಿದ್ದಳು ಎಂಬುದು ಶೇಟಜಿಯವರಿಗೆ ಆಗ ತಿಳಿಯಿತು. ಹೊರಗೆ ದಬ್ಬಿಸಿಕೊಂಡ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವರು ಅದನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ಕೂತರು. ಗುರುಪಾದನನ್ನು ಮನೆ ಬಿಡಿಸಲು ಕಟ್ಟಿದ ಸಭೆ ತಮ್ಮನ್ನೇ ಗೂಡು ಬಿಡಿಸಿ, ಅವಲಕ್ಕಿ ತಿಂದು, ಕೈ ತೊಳೆದುಕೊಂಡು ಹೋಯಿತು.

ಮರುದಿನ ಪೇಟೆ ತೆರೆಯುವ ದಿನ. ಸಂಗವ್ವ ತೂಗುಮಂಚದ ಮೇಲೆ ಕೈಕಟ್ಟಿ ಕೂತಿದ್ದಳು. ಶೇಟಜಿಯವರು ಅಭ್ಯಾಸದಂತೆ ಮುಂದೆ ಬಂದು, ಬೆನ್ನು ತಿರುವಿ, ನೆಲದ ಮೇಲೆ ಕೂತರು. ತೂಗುಮಂಚ ಕಿರ್ ಎಂದಿತು, ಅಷ್ಟೇ. ರುಮಾಲಿನ ಬಟ್ಟೆ ತೊಡೆಯ ಮೇಲೆ ಬಿದ್ದೇ ಇತ್ತು.

"ಯವ್ವಾ..."

"ರೆಕ್ಕಿ ಬಲತಾವು, ನಡಿ," ಎಂದಳು ಸಂಗವ್ವ, ಕವಿತೆಯದೇ ಮಾತಿನಲ್ಲಿ.

ಶೇಟಜಿಯವರು ಎದ್ದು ಕನ್ನಡಿಯ ಮುಂದೆ ನಿಂತು ರುಮಾಲು ಸುತ್ತಿದರು. ಅದು ಕಿವಿಯ ಮೇಲೆ ಇಳಿಯಿತು. ಬಿಚ್ಚಿ ಸುತ್ತಿದರು, ಕಣ್ಣಿನ ಮೇಲೆ ಇಳಿಯಿತು. ಮತ್ತೊಮ್ಮೆ ಸುತ್ತಿದಾಗ ಅದರ ತುದಿಯೇ ಸಿಗಲಿಲ್ಲ. ತಲೆಯ ಮೇಲೆ ಆ ಹೊರೆ ಹೊತ್ತು ಅವರು ಅಡಿಗೆಮನೆಯ ಬಾಗಿಲಿಗೆ ಬಂದು ಹೆಂಡತಿಯ ಕಡೆ ನೋಡಿದರು.

"ನನ್ನ ಕೈಗೆ ಹಿಟ್ಟ ಐತ್ರಿ," ಎಂದಳು ಸುನಂದಾಬಾಯಿ, ತಿರುಗಿ ನೋಡದೆ.

ಆಗ ಮಣೆಯ ಮೇಲೆ ಕೂತಿದ್ದ ಗುರುಪಾದ ನಿಟ್ಟುಸಿರು ಬಿಟ್ಟು, ಮೊದಲ ರೊಟ್ಟಿಯ ಉಳಿದ ತುಣುಕನ್ನು ಬಾಯಿಗೆ ಹಾಕಿಕೊಂಡು, ಕೈ ಒರೆಸಿಕೊಂಡು ಎದ್ದ. "ಬರ್ರಿ ದಾಜಿ, ಕುಂದ್ರಿ ಇಲ್ಲಿ," ಎಂದು ಅವರನ್ನು ತನ್ನದೇ ಮಣೆಯ ಮೇಲೆ ಕೂಡಿಸಿ, ಹಿಂದೆ ನಿಂತು ರುಮಾಲು ಕಟ್ಟತೊಡಗಿದ. ಪೇಟೆಯ ಕಟ್ಟೆಗಳ ಮೇಲೆ ಕೂತು ನೂರಾರು ರುಮಾಲು ನೋಡಿದವನು. ಸುತ್ತು ಸಲೀಸಾಗಿ ಕೂತವು. "ತಲಿ ಅಲ್ಲಾಡಸಬ್ಯಾಡ್ರಿ. ಹಾಂ. ಈಗ ನೋಡ್ರಿ, ಮದುಮಗ ಆದಂಗ ಆತು."

ಶೇಟಜಿಯವರು ಕೂತೇ ಇದ್ದರು. ಏಳಬೇಕೆಂದು ಮನಸ್ಸು ಹೇಳುತ್ತಿತ್ತು, ಮೈ ಏಳಲಿಲ್ಲ. ಏನೋ ಉಳಿದಿದೆ ಎಂದು ಗುರುಪಾದನಿಗೂ ಅನ್ನಿಸಿರಬೇಕು. ಅವನು ಅವರ ಹಿಂದಲೆಗೆ ಒಂದು ಸಣ್ಣ ಪೆಟ್ಟು ಕೊಟ್ಟ. ಶೇಟಜಿಯವರು ತಟ್ಟನೆ ಎದ್ದರು.

ಎದ್ದವರು ನೇರವಾಗಿ ಅಂಗಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ಬಾಗಿಲಲ್ಲಿ ನಿಂತು, ತೂಗುಮಂಚದ ಕಡೆ ಒಮ್ಮೆ, ಒಲೆಯ ಕಡೆ ಒಮ್ಮೆ ಕದ್ದು ನೋಡಿ, ಹೆಗಲ ಮೇಲಿನ ಶಲ್ಯದ ತುದಿಯನ್ನು ಬಲಗೈಯ ಮೇಲೆ ಎಳೆದುಕೊಂಡು, ಆ ಕೈಯನ್ನು ಮೆಲ್ಲಗೆ ಗುರುಪಾದನ ಕಡೆ ಚಾಚಿದರು.

"ನೀ ದಿನಾ ಪೇಟ್ಯಾಗ ತಿರಗಾಡಾಂವ," ಎಂದರು ಕೆಳದನಿಯಲ್ಲಿ. "ಇವತ್ತ ಕಲ್ಲಯ್ಯ ಸೌದಾಕ್ಕ ಬರ್ತಾನ. ಆಕಡೆ... ಎಷ್ಟಂತೀ?"

ಗುರುಪಾದ ಶಲ್ಯದ ಕೆಳಗೆ ಕೈ ಹಾಕಿದ. ಆದರೆ ಬೆರಳು ಒತ್ತುವ ಮುಂಚೆ ಒಲೆಯ ಕಡೆ ತಿರುಗಿ ಕೂಗಿ ಹೇಳಿದ:

"ಅಕ್ಕಾ, ಎರಡನೇ ರೊಟ್ಟೀನೂ ನನಗs ಹಾಕು. ದಾಜಿದು ಸ್ವಲ್ಪ ಹೊತ್ತು ಹಿಡೀತೈತಿ."